ಹುಂಚದಲ್ಲಿ ಕುಡಿಯದ ಔಷಧಿ

ಸಾಗರ,
14-11-2024

ಪ್ರೀತಿಯ ವರದಾ ಚಿಕ್ಕಮ್ಮನಿಗೆ, ನಿನ್ನ ಸಮೀಕ್ಷಾ ಮಾಡುವ ನಮಸ್ಕಾರ.

ಫೋನ್ ಬಿಟ್ಟು ಕಾಗದ ಯಾಕೆ ಅಂತ ಬೈಯಬೇಡ. ನೀನು ಸ್ಪೀಕರ್ ಹಾಕದೆ ಮಾತಾಡುವವಳಲ್ಲ. ನಿಮ್ಮನೆ ಸುದ್ದಿ ಹುಂಚದ ಬಸ್‌ಸ್ಟ್ಯಾಂಡಿಗೆ ನಿನಗಿಂತ ಮೊದಲೇ ಗೊತ್ತಾಗುತ್ತದೆ. ಇದು ಅಮ್ಮನ ಕಿವಿಗೆ ಬೀಳಲೇಬಾರದ ಮಾತು.

ನನಗೆ ಆ ಕೆಲಸ ಸಿಗಲಿಲ್ಲ. ರಕ್ಷಣಾ ಇಲಾಖೆಯ ಪ್ರಯೋಗಾಲಯದವರು ಪರೀಕ್ಷೆ, ಸಂದರ್ಶನ ಎರಡರಲ್ಲೂ ಪಾಸು ಮಾಡಿ, ಕೊನೆಗೆ ಹಿನ್ನೆಲೆ ವಿಚಾರಣೆಯಲ್ಲಿ ಬೇಡ ಅಂದರು. ಹಳೇ ಗಾಂಜಾದ ಕಾರಣಕ್ಕೆ ಅಂದುಕೊಳ್ಳುತ್ತೀ. ಅದಲ್ಲ ಚಿಕ್ಕಮ್ಮ.

ಹಾಸ್ಟೆಲಿನಲ್ಲಿ ಸೇದಿದ್ದು, ಓದು ಬಿಟ್ಟು ಶಿವಮೊಗ್ಗದ ವ್ಯಸನಮುಕ್ತಿ ಕೇಂದ್ರದಲ್ಲಿ ಆರು ತಿಂಗಳು ಇದ್ದದ್ದು, ಆಮೇಲೆ ಈ ಏಳೆಂಟು ವರ್ಷ ಮುಟ್ಟದೇ ಇರುವುದು, ಎಲ್ಲವನ್ನೂ ಅರ್ಜಿಯಲ್ಲಿ ನಾನೇ ಬರೆದುಕೊಟ್ಟಿದ್ದೆ. ಬರೆದೆ ಅಂತ ಅಮ್ಮನಿಗೆ ಹೇಳಲಿಲ್ಲ. ಆ ಸುದ್ದಿಯನ್ನು ನಮ್ಮನೆಯಲ್ಲಿ ಯಾರೂ ಎತ್ತುವುದಿಲ್ಲವಲ್ಲ, ನಾನೂ ಎತ್ತಲಿಲ್ಲ.

ತೀರ್ಥಹಳ್ಳಿಗೆ ವಿಚಾರಣೆಗೆ ಬಂದ ಅಧಿಕಾರಿ, ಮಗಳು ನಡುವೆ ಓದು ಬಿಟ್ಟದ್ದು ಯಾಕೆ ಅಂತ ಅಮ್ಮನನ್ನು ಕೇಳಿದರಂತೆ. ಶಾಲೆಯಲ್ಲಿ ಸುಳ್ಳು ಹೇಳಿದ ಮಕ್ಕಳ ಕಿವಿ ಹಿಂಡುತ್ತಿದ್ದ ನಮ್ಮಮ್ಮ ಸತ್ಯಭಾಮಾ ಟೀಚರು, ಅವಳಿಗೆ ಕಾಮಾಲೆ ಆಗಿತ್ತು, ಹುಂಚದಲ್ಲಿ ನನ್ನ ತಂಗಿ ಮನೆಯಲ್ಲಿದ್ದು ಔಷಧಿ ಕುಡಿದಳು ಅಂದರಂತೆ. ಆಮೇಲೆ ಅಮ್ಮನಿಂದ ನಿನಗೆ ಫೋನ್ ಬಂದಿರಬೇಕು. ಮರುದಿನ ಆ ಅಧಿಕಾರಿ ಹುಂಚಕ್ಕೆ ಬಂದರೆ ನೀನೇನು ಕಡಿಮೆಯೇ! ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಟ್ಟೆ, ಉಪ್ಪು ಎಣ್ಣೆ ಇಲ್ಲದ ಪಥ್ಯ ಮಾಡಿಸಿದೆ, ಹುಡುಗಿ ಕಡ್ಡಿಯಾಗಿ ಹೋಗಿದ್ದಳು ಅಂತ ಕಣ್ಣೀರು ಬೇರೆ ಹಾಕಿದೆಯಂತೆ. ಪಕ್ಕದ ಮನೆ ಕನ್ನಮ್ಮನೂ ಹೌದೌದು ಅಂದಳಂತೆ.

ಇದನ್ನೆಲ್ಲ ಕಚೇರಿಯಲ್ಲಿ ನನ್ನೆದುರೇ ಓದಿದರು. ಮೇಜಿನ ಮೇಲೆ ಒಂದು ಕಡೆ ನನ್ನ ಅರ್ಜಿ, ಇನ್ನೊಂದು ಕಡೆ ನಿಮ್ಮ ಕಾಮಾಲೆ. ದೊಡ್ಡ ಅಧಿಕಾರಿ ಒಳ್ಳೆಯವರೇ. ಬಿಟ್ಟು ಇಷ್ಟು ವರ್ಷವಾಗಿದೆ, ನೀನಾಗಿಯೇ ಹೇಳಿದ್ದೀಯ, ಅದೊಂದೇ ಆಗಿದ್ದರೆ ದಾಟಿಸಬಹುದಿತ್ತಮ್ಮ ಅಂದರು. ಆದರೆ ಮನೆಮಂದಿಯೆಲ್ಲ ಸೇರಿ ಮುಚ್ಚುವ ಗುಟ್ಟನ್ನು ಹಿಡಿದುಕೊಂಡು ನಾಳೆ ಯಾರಾದರೂ ನಿನ್ನನ್ನು ಹೆದರಿಸಿದರೆ ಅಂತ ಕೇಳಿದರು. ಹೊರಗೆ ಬಂದು ಅತ್ತೆ.

ನಿಮ್ಮ ಮೇಲೆ ಸಿಟ್ಟಿಲ್ಲ ಅಂದರೆ ಅದೂ ಒಂದು ಕಾಮಾಲೆಯೇ ಆದೀತು. ಸಿಟ್ಟು ಬಂತು, ಬಹಳ ಬಂತು. ಆದರೆ ಸುಳ್ಳು ಹೇಳಿ ಅಭ್ಯಾಸವೇ ಇಲ್ಲದ ಅಮ್ಮ ನನಗೋಸ್ಕರ ಹೇಳಿದ್ದಾಳೆ. ಅದರಿಂದಲೇ ಮಗಳ ಕೆಲಸ ಹೋಯಿತು ಅಂತ ಗೊತ್ತಾದರೆ ಅವಳು ಮತ್ತೆ ಚೇತರಿಸಿಕೊಳ್ಳುವುದಿಲ್ಲ. ಒಬ್ಬರಿಗಾದರೂ ನಿಜ ಗೊತ್ತಿರಲಿ ಅಂತ ನಿನಗೆ ಬರೆದೆ. ಬೇಸರ ಮಾಡಿಕೊಂಡು ಊಟ ಬಿಡಬೇಡ.

ನಿನ್ನ ಮಗಳಂಥ
ಸಮೀಕ್ಷಾ

ತಾ.ಕ.: ಅಮ್ಮ ನಿನ್ನೆದುರು ನನ್ನನ್ನು ಬೈದರೆ ನನ್ನ ಪರ ಮಾತಾಡಲು ಹೋಗಬೇಡ. ಕೆಲಸ ಸಿಗಲಿಲ್ಲ ಅಂದ ಕೂಡಲೇ, ಮತ್ತೆ ಶುರು ಮಾಡ್ಕೊಂಡ್ಯೇನೇ ಅಂತ ಕೇಳಿದಳು. ಹೂಂ ಅಂದೆ. ಇನ್ನೊಂದು ಮಾತು ಕೇಳದೆ ನಂಬಿದಳು.