ಎಡಗಡೆ ಮೊರ

ಹುಣಸೂರು. ಸೋಮವಾರ, ೧೭ ಜನವರಿ ೧೯೩೮

ಒಪ್ಪೊತ್ತು. ಎದ್ದು ಬಾಗಿಲಿಗೆ ನೀರು ಹಾಕಿ, ಒಲೆ ಸಾರಿಸಿ, ಸಂಜೆಯ ಪೂಜೆಗೆ ಅಕ್ಷತೆ ಅಕ್ಕಿ ಆರಿಸಿಟ್ಟು, ವಿಭೂತಿ ಧರಿಸಿ ಹೊರಟೆ. ಈ ಶಾಯಿ ತೀರಾ ತೆಳು. ಅಂಗಡಿಯವನು ನೀರು ಬೆರೆಸಿದ್ದಾನೆ. ಬರೆದದ್ದು ನನಗೇ ಕಾಣುವುದಿಲ್ಲ.

ಕಾಫಿ ವರ್ಕ್ಸಿನಲ್ಲಿ ಲೆಕ್ಕ ಬರೆಯುವ ರೈಟರ್ ಷಣ್ಮುಖಪ್ಪ ಹೊಸ ಕಾನೂನು ತಂದ. ನಮ್ಮದು ಮೂರನೇ ಸಾಲು. ಎಂಟು ಹೆಂಗಸರು, ಒಂದೇ ರಾಶಿ. ಕಾಫಿ ಬೀಜದಲ್ಲಿ ಕರಿಕಾಳು, ಒಡಕು ಆರಿಸಿ ತೆಗೆದು ಮೊರವನ್ನು ಎಡಗಡೆಯವಳಿಗೆ ಕೊಡುವುದು. ಅವಳು ಇನ್ನೊಮ್ಮೆ ನೋಡಿ ರಾಶಿಗೆ ಸುರಿಯುವುದು. ಎಡಗಡೆ ಮೊರ ಅನ್ನುತ್ತೇವೆ. ಈ ಪದ್ಧತಿ ಹಾಕಿದವಳು ನಾನು. ಒಂಬತ್ತು ವರ್ಷದಲ್ಲಿ ನಮ್ಮ ರಾಶಿ ಒಂದು ಸಲವೂ ವಾಪಸು ಬಂದಿಲ್ಲ.

ಇನ್ನು ಮೇಲೆ ಒಬ್ಬೊಬ್ಬರಿಗೆ ಒಂದೊಂದು ರಾಶಿಯಂತೆ. ಒಂದೊಂದು ನಂಬರ್ ಬಿಲ್ಲೆಯಂತೆ. ಮೊರ ಕೈ ಬದಲಾಯಿಸಕೂಡದು. ತಿಂಗಳ ಕೊನೆಗೆ ಯಾರ ರಾಶಿಯಲ್ಲಿ ಕರಿಕಾಳು ಹೆಚ್ಚೋ ಅವರು ಮನೆಗೆ.

“ಯಾರ ಕೆಲ್ಸ ಎಂಗೈತೆ ಅಂತ ಗೊತ್ತಾಗ್ಬೇಕಲ್ಲಮ್ಮ” ಎಂದ.

“ನಿಮ್ ಕೆಲ್ಸ ನೋಡಕ್ಕೆ ಎಡಗಡೆ ಯಾರ್ ಕೂತವ್ರೆ ಸ್ವಾಮಿ?” ಎಂದೆ. ಸಾಲೆಲ್ಲ ನಕ್ಕಿತು. ಅವನು ನಗಲಿಲ್ಲ.

ನನಗೇನು ಭಯ. ಭಯ ಇರಬೇಕಾದ್ದು ನನ್ನ ಎಡಕ್ಕೆ ಕೂರುವ ಜೀನತುನ್ನೀಸಾಗೆ. ಬಂದು ಎರಡು ವರ್ಷ. ಎಲ್ಲರೂ ನಾಲ್ಕು ಮೊರ ಮುಗಿಸುವ ಹೊತ್ತಿಗೆ ಇವಳದು ಎರಡು. ಮೈಗಳ್ಳಿ.

ಶುಕ್ರವಾರ, ೨೧ ಜನವರಿ

ಸಾಲಿನಲ್ಲಿ ಮಾತಿಲ್ಲ. ಒಬ್ಬೊಬ್ಬಳೂ ರಾಶಿಗೆ ಮೊಣಕೈ ಅಡ್ಡ ಇಟ್ಟುಕೊಂಡು ಕೂತಿದ್ದಾಳೆ. ಬಲಗಡೆಯ ಕುಳ್ಳಮ್ಮ, ನಮ್ಮ ಪಕ್ಕದ ಮನೆಯವಳೇ, ಮೊರಕ್ಕೆ ಸೆರಗು ಮುಚ್ಚುತ್ತಾಳೆ! ನಾನೇನು ಕದಿಯುತ್ತೇನೆಯೇ?

ಮೇಸ್ತ್ರಿ ಅಂಕಯ್ಯ ನನ್ನ ರಾಶಿಯೊಳಗೆ ಕೈ ಹಾಕಿ ತೆಗೆದ. ಬೊಗಸೆಯಲ್ಲಿ ಅರ್ಧ ಕರಿಕಾಳು.

“ಏನ್ ದೇವೀರಕ್ಕ, ಜಪ ಮಾಡ್ಕಂಡು ಕಣ್ಮುಚ್ಚಿ ಆರ್ಸಿದ್ರಾ?”

ಎಲ್ಲರೂ ಕೇಳಿಸಿಕೊಂಡರು. ಕಿವಿ ಕಾದುಹೋಯಿತು.

ಜೀನತ್‌ಳ ರಾಶಿ ನೋಡಿದೆ. ನಾಲ್ಕೇ ದಿನಕ್ಕೆ ಸಾಲಿನಲ್ಲೆಲ್ಲ ದೊಡ್ಡದು. ಎರಡು ವರ್ಷ ನಿಧಾನವಾಗಿದ್ದ ಕೈಗೆ ಈ ವಾರವೇ ರೆಕ್ಕೆ ಬಂತೋ? ಅವಳ ಕರಿಕಾಳೆಲ್ಲ ಎಲ್ಲಿ ಹೋಯಿತು? ಅವಳ ಪಕ್ಕದ ರಾಶಿ ನನ್ನದು... ತಿಳಿಯಿತು. ನಾನು ನೀರು ಕುಡಿಯಲು ಎದ್ದಾಗ ಸುರಿದಿದ್ದಾಳೆ.

ಮಂಗಳವಾರ, ೨೫ ಜನವರಿ

ಇವತ್ತೂ ಕರಿಕಾಳು. ತಡೆಯಲಿಲ್ಲ. ಎದ್ದು ನಿಂತು ರೈಟರನ್ನು ಕರೆದೆ.

“ನಂಜುಂಡೇಸ್ವರನ ಆಣೆಗೂ ನಾನ್ ಬುಟ್ಟ ಕಾಳಲ್ಲ ಇವು. ಇವ್ಳು ಸುರ್ದಿರೋದು.”

ರೈಟರ್ ಸಾಲಿನ ಕಡೆ ತಿರುಗಿದ. “ಸೋಮವಾರ ತಪ್ದೆ ಒಪ್ಪೊತ್ತು ಮಾಡೋರು ಸುಳ್ಳು ಆಣೆ ಇಕ್ತಾರಾ? ನೋಡಿದೋರು ಇದ್ರೆ ಹೇಳಿ.”

ಯಾರೂ ತಲೆ ಎತ್ತಲಿಲ್ಲ. ಕುಳ್ಳಮ್ಮ ಬಾಯಿ ತೆರೆದಳು, ಮುಚ್ಚಿದಳು. ಜೀನತ್‌ಳ ಬಿಲ್ಲೆ ಕಿತ್ತುಕೊಂಡರು.

ಅವಳು ಅಳಲಿಲ್ಲ. ಸೆರಗು ತಲೆಗೆ ಹೊದ್ದು, “ಆಣೇನೂ ನಿಮ್ದೇ, ದೇವ್ರೂ ನಿಮ್ದೇ, ಬಾಯೂ ನಿಮ್ದೇ. ನಂದೇನೈತೆ ದೇವೀರಕ್ಕ?” ಎಂದು ಹೊರಟಳು.

ಎಷ್ಟು ಕೊಬ್ಬು! ಕಸ ಹೋಯಿತು. ನಾಳೆಯಿಂದ ನೆಮ್ಮದಿ.

ಶನಿವಾರ, ೨೯ ಜನವರಿ

ಎಡಗಡೆ ಖಾಲಿ. ಆದರೂ ಕರಿಕಾಳು.

ಹಾಗಾದರೆ ಬಲಗಡೆಯವಳೂ ಸೇರಿದ್ದಾಳೆ. “ನಿನ್ ಕೈವಾಡಾನೂ ಐತೇನೆ?” ಎಂದು ಕುಳ್ಳಮ್ಮನನ್ನು ಕೇಳಿದೆ.

“ನಿಮ್ ಬಾಯಿಗೆ ಉಳ ಬೀಳ!” ಎಂದು ಮೊರ ಎತ್ತಿಕೊಂಡು ಸಾಲಿನ ಆ ತುದಿಗೆ ಹೋಗಿ ಕೂತಳು.

ಎಡಕ್ಕೂ ಯಾರಿಲ್ಲ. ಬಲಕ್ಕೂ ಯಾರಿಲ್ಲ. ಇರಲಿ.

ಸೋಮವಾರ, ೩೧ ಜನವರಿ

ಒಪ್ಪೊತ್ತು. ಒಪ್ಪೊತ್ತೇನು, ಎರಡು ಹೊತ್ತೂ ಅನ್ನ ಇಳಿಯಲಿಲ್ಲ.

ಬೆಳಗಿನಿಂದ ನನ್ನ ರಾಶಿ ಬಿಟ್ಟು ಎದ್ದಿಲ್ಲ. ಎರಡು ಕಡೆಯೂ ಖಾಲಿ ನೆಲ. ಅಂಕಯ್ಯ ಕೈ ಹಾಕಿದ — ಕರಿಕಾಳು.

ಸಂಜೆ ಗುಡಿಗೆ ಹೋದೆ. ಪೂಜೆ ಮಾಡುವ ಮಹದೇವಯ್ಯನವರು ನನ್ನ ಬಟ್ಟಲನ್ನು ವಾಪಸು ಕೊಟ್ಟರು. “ತಾಯಿ, ಅಕ್ಷತೆ ಅಂದ್ರೆ ಮುಕ್ಕಿರಬಾರ್ದು ಅಂತ ನಿಮ್ಗೆ ನಾನ್ ಹೇಳ್ಬೇಕಾ? ಅರ್ಧಕ್ಕರ್ಧ ನುಚ್ಚು. ಎಷ್ಟೋ ವಾರದಿಂದ ನೋಡ್ತಾ ಇವ್ನಿ.”

ನನ್ನ ಕೈಯಾರೆ ಆರಿಸಿದ ಅಕ್ಕಿ. ಬಟ್ಟಲು ಮುಖಕ್ಕೆ ಹಿಡಿದು ನೋಡಿದೆ. ಎಲ್ಲ ಇಡೀ ಕಾಳೇ ಕಂಡಿತು.

ನೇರ ಕುಳ್ಳಮ್ಮನ ಬಾಗಿಲಿಗೆ ಹೋದೆ. ಹೊಸಲು ದಾಟಿಸಲಿಲ್ಲ ಅವಳು.

“ನಿಮ್ ಕಣ್ಣು ಓಗಿ ಎಲ್ಡು ವರ್ಸಾಯ್ತು ಕಣಕ್ಕ. ಸಾಲ್ಗೆಲ್ಲ ಗೊತ್ತು. ನಿಮ್ ಮೊರ ಆ ಸಾಬರ ಎಂಗ್ಸು ಮೊದಲಿಂದ ಆರ್ಸೋಳು. ಅವಳ ಮೊರ ಎಂಗೆ ಮುಗೀತದೆ? ನಾನೂ ನಿಮ್ ಕೈಗೆ ಮೊರ ಕೊಡಕ್ ಮುಂಚೆ ಎಲ್ಡು ಸಲ ನೋಡ್ಕಬೇಕಾಗಿತ್ತು.”

“ಹೇಳ್ಬಾರ್ದಾಗಿತ್ತಾ?”

“ಯಾರ್‍ಗೆ? ನಿಮ್ಗಾ? ಏಳಿದೋರು ಆ ಸಾಲಲ್ಲಿ ಉಳೀತಿದ್ರಾ?”

“ಆಣೆ ಇಟ್ಟಾಗಲಾದ್ರೂ...”

“ಇಬ್ರಲ್ಲಿ ಒಬ್ರು ಓದ್ರೆ ನಾನ್ ಉಳ್ಕತೀನಿ ಅಂತ ಸುಮ್ಕಿದ್ದೆ. ಓಗ್ರಿ, ನಂಗೂ ಅಸಹ್ಯ ಆಯ್ತದೆ.” ಬಾಗಿಲು ಹಾಕಿದಳು.

ಚಿಕ್ಕಂದಿನಲ್ಲಿ ಮಿರ್ಲೆಯ ಮಠದಲ್ಲಿ ಅಕ್ಷರ ಕಲಿಸಿದ ಅಯ್ಯನವರು ಮೊದಲು ಬರೆಸಿದ್ದು ಶಿವನ ಹೆಸರು. ಅದೇ ಹೆಸರು ಹಿಡಿದು ಒಬ್ಬಳನ್ನು ಬೀದಿಗೆ ಹಾಕಿದೆ.

ಶಾಯಿ ಚೆನ್ನಾಗಿಯೇ ಇದೆ.

ಬುಧವಾರ, ೨ ಫೆಬ್ರವರಿ

ಎಲ್ಲ ಸಾಲಿನ ಮುಂದೆ ಹೇಳಿದೆ. ಸುಳ್ಳಾಣೆ ಇಟ್ಟೆ, ಕಣ್ಣು ನನ್ನದು ಹೋಗಿದೆ, ಕರಿಕಾಳು ನನ್ನವೇ ಎಂದೆ. ಬಿಲ್ಲೆ ತೆಗೆದು ರೈಟರ ಮೇಜಿನ ಮೇಲಿಟ್ಟೆ. ಇದನ್ನು ಜೀನತುನ್ನೀಸಾಗೆ ಕೊಡಿ ಎಂದೆ.

“ಕಣ್ ಕಾಣ್ದೋರ ಮಾತ್ ಕೇಳಿ ಕೆಲ್ಸದೋಳ್ನ ತೆಗ್ದೆ ಅಂತ ವರ್ಕ್ಸಿನ ದೊರೆಗೆ ಬರೀಲಾ?” ಎಂದು ರೈಟರ್ ಹಲ್ಲು ಕಡಿದ. ಅವನ ಕಾನೂನು ಬಂದ ಮೇಲೆ ಎಲ್ಲ ಸಾಲಿನಿಂದಲೂ ಮಾಲು ವಾಪಸು ಬರುತ್ತಿದೆ. ದೊರೆ ಅವನನ್ನೂ ಬೈದಿದ್ದಾನಂತೆ.

ಕೊನೆಗೆ ಎಂದ: “ಸೋಮವಾರ ಬೆಳಿಗ್ಗೆ ಬೆಲ್ಲು ಹೊಡಿಯೋದ್ರೊಳಗೆ ಬಂದ್ರೆ ಬಿಲ್ಲೆ ಅವಳ್ದು. ಬರ್ದಿದ್ರೆ ಭೇರ್ಯದೋಳು ಒಬ್ಳು ಕಾಯ್ತಾವ್ಳೆ. ನಿಮ್ದು ಮುಗೀತು, ನಡೀರಿ.”

ಸಾಲಿನಲ್ಲಿ ಒಬ್ಬಳೂ ‘ಪಾಪ’ ಅನ್ನಲಿಲ್ಲ.

ಭಾನುವಾರ, ೬ ಫೆಬ್ರವರಿ. ಸಾಯಂಕಾಲ

ಮೂರು ದಿನ ಜೀನತ್‌ಳ ಬೀದಿಗೆ ಹೋದೆ. ಬಾಗಿಲು ತೆಗೆಯಲಿಲ್ಲ. ಅವಳ ಮಾವ ಹುಸೇನ್ ಸಾಬ್ ತಗಡು ಬಡಿಯುತ್ತಾ ಒಳಗಿನಿಂದಲೇ ಎಂದರು: “ಇನ್ನೂ ಒಂದು ಆಣೆ ಬಾಕಿ ಐತೇನಮ್ಮ?”

ನಿಂತು ಕೇಳಿಸಿಕೊಂಡು ಬಂದೆ.

ಇವತ್ತು ಚೀಟಿ ಬರೆದೆ. ಅವಳ ತಮ್ಮ ಖದೀರನಿಗೆ ಕನ್ನಡ ಓದು ಬರುತ್ತದೆ. ಮೂರೇ ಮಾತು. ತಪ್ಪು ನನ್ನದು, ಎಲ್ಲರ ಮುಂದೆ ಒಪ್ಪಿದ್ದೇನೆ. ನಾಳೆ ಬೆಲ್ಲಿಗೆ ಮುಂಚೆ ಹೋದರೆ ಕೆಲಸ ನಿನ್ನದು. ನಾನು ಆ ಸಾಲಿನಲ್ಲಿ ಇರುವುದಿಲ್ಲ.

ಕುಳ್ಳಮ್ಮ ಬೇಲಿಯ ಆಚೆಯಿಂದ ನೋಡಿ, “ಒಂದ್ ಸಾಲಿನ್ ಮೇಲೆ ಇನ್ನೊಂದ್ ಸಾಲು ಅತ್ಕಂಡೈತೆ. ಯಾರ್ ಓದ್ತಾರೆ ಇದ್ನ?” ಎಂದಳು.

“ನೀನ್ ಹೇಳ್ಬುಡು ಬಾಯಲ್ಲಿ.”

“ನಿಮ್ ಪರವಾಗಿ ನಾನ್ ಒಂದ್ ಮಾತೂ ಆಡಾಕಿಲ್ಲ.”

“ನನ್ ಪರ ಬ್ಯಾಡ. ಬೆಲ್ಲಿನ ವಿಚಾರ ಹೇಳು ಸಾಕು.”

ಮುಖ ತಿರುಗಿಸಿಯೇ ಕೈ ಚಾಚಿದಳು. ಚೀಟಿ ಕೊಟ್ಟೆ. ಹೊರಟವಳನ್ನು ಮತ್ತೆ ಕರೆದೆ.

“ಕುಳ್ಳಮ್ಮ, ನಿಂತಿದ್ದು ಜವಾಬು ಈಸ್ಕಂಡೇ ಬಾರೇ. ಬೈದ್ರೆ ಬೈದಷ್ಟೂ ತಂದುಕೊಡು. ನಂಗೆ ನೋವಾದೀತು ಅಂತ ಒಂದ್ ಮಾತ್ನೂ ಆರಿಸಿ ಬಿಸಾಕ್‌ಬ್ಯಾಡ. ಬೆಳಿಗ್ಗೆ ಅವ್ಳು ಬೆಲ್ಲಿಗೆ ಬತ್ತಾಳಾ ಇಲ್ವಾ, ಅದ್ನೂ ಕೇಳ್ಕಂಡು ಬಾ.”