ಸಿಪ್ಪೆ ಸುಲಿದ ಚಾಕೋಬಾರು

ಪ್ರೀತಿಯ ಅತ್ತಿಯವರಿಗೆ,

ನಿಮ್ಮ ಹಿರೀ ಸೊಸೆ ಕಸ್ತೂರಿಯ ನಮಸ್ಕಾರ. ದಾಂಡೇಲಿಯಲ್ಲಿ ನಾವೆಲ್ಲ ಕ್ಷೇಮ. ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಬರೆಯಹೋಗಿ ನನಗೇ ನಗು ಬಂತು. ಅಲ್ಲಿಂದ ಕಾಗದ ತರುವ ಅಂಚೆಯವನು ಯಾರಿದ್ದಾನೆ? ಆದರೂ ನಿಮ್ಮನ್ನು ಬಲ್ಲೆ. ಇಷ್ಟರಲ್ಲಿ ಅಲ್ಲೂ ನಾಲ್ಕು ಜನರನ್ನು ಕೂಡಿಸಿಕೊಂಡು ಕವಡೆ ಒಗೆಯುತ್ತಿರುತ್ತೀರಿ.

ನಾನು ಮದುವೆಯಾಗಿ ಬಂದ ಹೊಸತು ನೆನಪಾಗುತ್ತದೆ. ಮೈದುನ ನಿಮ್ಮ ಹಳ್ಳಿ ಸಾಂಬ್ರಾಣಿಯಲ್ಲಿ ಹೊಲ ನೋಡಿಕೊಂಡಿದ್ದ. ನಿಮ್ಮ ಮಗ ಪೇಪರ್ ಮಿಲ್ಲಿನ ಪಾಳಿಗೆ ಹೋದರೆಂದರೆ ಆ ಸಣ್ಣ ಚಾಳಿನ ಮನೆಯಲ್ಲಿ ನೀವು, ನಾನು ಇಬ್ಬರೇ. ನನಗೆ ಹೇಳಬೇಕಾದ್ದನ್ನೆಲ್ಲ ನೀವು ಒಲೆಗೆ ಹೇಳುತ್ತಿದ್ದಿರಿ. "ಇವತ್ತ ಸಾರಿಗೆ ಉಪ್ಪ ಜಾಸ್ತಿ ಆಗೇತಿ" ಎಂದು ಒಲೆಗೆ. "ಧಾರವಾಡದಾಗ ಅರಿವಿ ಹಿಂಗ ಹಿಂಡತಾರೇನೋ" ಎಂದು ಕೊಡಪಾನಕ್ಕೆ. ಧಾರವಾಡದಲ್ಲಿ ಮ್ಯಾಟ್ರಿಕ್ ಓದಿದ ಹುಡುಗಿ ಹಳ್ಳಿಯ ಅತ್ತೆಯನ್ನು ಲೆಕ್ಕಕ್ಕೆ ಇಟ್ಟಾಳೋ ಇಲ್ಲವೋ ಎಂಬ ಅಳುಕು ನಿಮಗೆ. ನನಗೆ ಬೇಕಾಗಿದ್ದದ್ದು ಒಂದೇ, ನೀವು ನನ್ನ ಮುಖ ನೋಡಿ ಒಂದು ಮಾತಾಡಬೇಕು. ಬೈದರೂ ಸರಿ. ಸಾಂಬ್ರಾಣಿಯ ಗೆಳತಿಯರ ಜೊತೆ ಚೌಕಾಬಾರಾ ಆಡುತ್ತಿದ್ದ ಕವಡೆಗಳು ನಿಮ್ಮ ಎಲೆ ಅಡಿಕೆಯ ಸಂಚಿಯಲ್ಲಿ ಸುಮ್ಮನೆ ಬಿದ್ದಿದ್ದವು. ಒಮ್ಮೊಮ್ಮೆ ತೆಗೆದು ಅಂಗೈಯಲ್ಲಿ ಗಲಗಲ ಮಾಡಿ ಮತ್ತೆ ಒಳಗಿಡುತ್ತಿದ್ದಿರಿ. ಆಡೋಣ ಬರ್ರಿ ಎನ್ನುವ ಧೈರ್ಯ ನನಗಿರಲಿಲ್ಲ, ನೀವಂತೂ...

ಒಂದು ಬೆಳಿಗ್ಗೆ ನಿಮ್ಮ ಮಗ ಹಲ್ಲುಪುಡಿ ಬಾಯಲ್ಲಿಟ್ಟುಕೊಂಡೇ ನನಗೆ ಹೇಳಿದರು, "ಹಳಿಯಾಳದ ಬಸ್ ಸ್ಟ್ಯಾಂಡ್ ಬಾಜೂಕ ಚಾಕೋಬಾರ್ ಬಂದೈತಂತ. ಐತವಾರ ಹೋಗೂಣು." ನಾವಿಬ್ಬರೇ ಎಂದು ಅವರ ಲೆಕ್ಕ. ಐತವಾರ ನೋಡಿದರೆ, ನೀವು ಇಳಕಲ್ ಸೀರೆ ಉಟ್ಟು, ಸಂಚಿ ಸೊಂಟಕ್ಕೆ ಸಿಕ್ಕಿಸಿ, ನಮಗಿಂತ ಮೊದಲೇ ಹೊಸ್ತಿಲಲ್ಲಿ ತಯಾರು. "ಚೌಕಾಬಾರಾ ಅಂದ್ರ ನಾ ಬಿಡೂದಿಲ್ಲ" ಎಂದು ಬಾಗಿಲಿಗೆ ಹೇಳಿದಿರಿ. ನಿಮ್ಮ ಮಗ ತಿದ್ದಲು ಬಾಯಿ ತೆರೆದರು. ನಾನು ಹಿಂದಿನಿಂದ ಅವರ ಅಂಗಿ ಜಗ್ಗಿದೆ.

ಆ ಅಂಗಡಿಯವನನ್ನು ನೀವು ಕೇಳಿದ್ದು ಇನ್ನೂ ಕಿವಿಯಲ್ಲಿದೆ. "ಮನಿ ಎಲ್ಲಿ ಬರದೀಯಪಾ? ಆಟಕ್ಕ ಯಾರ್ಯಾರು ಕುಂತೀರಿ?" ಅವನು ಕಕ್ಕಾಬಿಕ್ಕಿಯಾಗಿ, ಕಡ್ಡಿ ಚುಚ್ಚಿದ ಕರಿ ತುಂಡುಗಳನ್ನು ನಮ್ಮ ಕೈಗಿತ್ತ. ನಾವು ಕಂಡಿದ್ದದ್ದು ಸೈಕಲ್ ಪೆಟ್ಟಿಗೆಯಲ್ಲಿ ಬರುವ, ನಾಲಿಗೆ ಕೆಂಪಗೆ ಮಾಡುವ ಐಸ್‌ಕ್ಯಾಂಡಿ ಮಾತ್ರ. "ಹೊತ್ತಿಸಿಬಿಟ್ಟಾನ ನೋಡು" ಎಂದು ನೀವು ಆ ಕರಿ ಪದರನ್ನು ಬಾಳೆಹಣ್ಣಿನ ಸಿಪ್ಪೆಯಂತೆ ಉಗುರಿನಿಂದ ಸುಲಿದು ಕಾಗದದ ಮೇಲಿಟ್ಟಿರಿ, ಒಳಗಿನ ಬಿಳಿಯದನ್ನು ಸಮಾಧಾನವಾಗಿ ತಿಂದು ಮುಗಿಸಿದಿರಿ. ಆಮೇಲೆ ಸಂಚಿಯಿಂದ ಕವಡೆ ತೆಗೆದು ಸುತ್ತ ನೋಡಿದಿರಿ. ಆಟ ಎಲ್ಲೂ ಇರಲಿಲ್ಲ. ಏನಾಗಿದೆ ಎಂದು ತಿಳಿದು ನಿಮ್ಮ ಮುಖ ಸಣ್ಣದಾಯಿತು. ನಿಮ್ಮ ಮಗ ಇನ್ನೇನು ನಗಬೇಕು...

"ನನಗೂ ಚೌಕಾಬಾರಾ ಅಂತನ ಕೇಳಿಸಿತ್ರಿ ಅತ್ತಿ. ಆಡಾಕಂತನ ಬಂದೇನ್ರಿ" ಎಂದುಬಿಟ್ಟೆ. ಅಂಗಡಿಯವನಿಂದ ಸೀಮೆಸುಣ್ಣ ಇಸಿದುಕೊಂಡು ಹೊರಗಿನ ಕಟ್ಟೆಯ ಮೇಲೆ ಮನೆ ಬರೆದೆ. ನಡೆಸಲು ಕಾಯಿ? ನಿಮಗೆ ಕಡ್ಡಿಯ ಚೂರುಗಳು, ನನಗೆ ನೀವು ಸುಲಿದಿಟ್ಟ ಸಿಪ್ಪೆ. ನೀವು ಕವಡೆ ಒಗೆದು ಕಾಯಿ ನಡೆಸಿದಿರಿ. ನಾನು ಅಂಜುತ್ತಲೇ ಕೂತಿದ್ದೆ. ನೀವು ತಲೆ ಎತ್ತಿ ನೇರವಾಗಿ ನನ್ನನ್ನೇ ನೋಡಿದಿರಿ. "ಹೂಂ, ನಿನ್ನ ಪಾಳಿ. ಲಗೂನ ಒಗಿ ಕಸ್ತೂರಿ, ನಿನ್ನ ಕಾಯಿ ಕರಗಾಕತ್ತಾವ." ಅಲ್ಲಿ ಒಲೆ ಇರಲಿಲ್ಲ, ಕೊಡಪಾನ ಇರಲಿಲ್ಲ. ನನ್ನ ಕಣ್ಣು ತುಂಬಿ, ನಾನು ಒಗೆದ ಕವಡೆ ಎಷ್ಟು ಬಿತ್ತೆಂಬುದೇ ಕಾಣಲಿಲ್ಲ.

ನನ್ನ ಕಾಯಿ ಕಡಿದು ಎತ್ತಿದಾಗ ಬೆರಳಿಗೆ ಅಂಟಿದ್ದನ್ನು ನೆಕ್ಕಿದಿರಲ್ಲ, ನೆನಪಿದೆಯೇ? "ಅಯ್ಯ, ಸಿಪ್ಪೀನ ರುಚಿ ಐತಲ್ಲವಾ" ಎಂದಿರಿ. ಮುಂದೆ ಕಡಿದದ್ದೆಲ್ಲ ನೇರ ಬಾಯಿಗೆ. ಕಡಿದ ಕಾಯಿ ನನ್ನ ಮನೆಗೆ ತಿರುಗಿ ಬರಬೇಕೆಂದು ನಾನು ಜಗಳ ತೆಗೆದರೆ, "ತಿಂದದ್ದು ಎಲ್ಲಿಂದ ಬರಬೇಕ?" ಎಂದು ನೀವು. ನಿಮ್ಮ ಮಗ ಬಂದ ಬಸ್ಸುಗಳನ್ನೆಲ್ಲ ಬಿಟ್ಟು ಕಾಯುತ್ತ ಕೂತರು. ಅವತ್ತಿನಿಂದ ನೀವು ಹೋಗುವತನಕ ನಮ್ಮ ಜಗಳಕ್ಕೂ ಮಾತಿಗೂ ಬರ ಬರಲಿಲ್ಲ.

ನೀವು ಹೋದ ಮೇಲೆ ಒಂದು ವಾರಪತ್ರಿಕೆಯಲ್ಲಿ ಇದರ ಹುಟ್ಟಿನ ಕಥೆ ಓದಿದೆ. ಅಮೆರಿಕದ ಒಂದು ಸಣ್ಣ ಊರಿನ ಅಂಗಡಿಯಲ್ಲಿ ಒಬ್ಬ ಹುಡುಗ, ಚಾಕಲೇಟು ಕೊಳ್ಳಲೋ ಐಸ್‌ಕ್ರೀಮು ಕೊಳ್ಳಲೋ ಎಂದು ತಿಳಿಯದೆ ನಿಂತನಂತೆ. ಎರಡನ್ನೂ ಕೂಡಿಸಿದರೆ ಹೇಗೆ ಎಂದು ಅಂಗಡಿಯವನಿಗೆ ಹೊಳೆಯಿತಂತೆ. ಆದರೆ ಕರಗಿಸಿದ ಚಾಕಲೇಟು ಅಷ್ಟು ತಣ್ಣನೆಯದಕ್ಕೆ ಹಿಡಿಯಲೊಲ್ಲದು. ಕೋಕೋ ಬೀಜದಿಂದ ತೆಗೆದ ತುಪ್ಪ ಬೆರೆಸಿದ ಮೇಲೆ ಹಿಡಿಯಿತು. ಕಡ್ಡಿ ಚುಚ್ಚುವ ಯೋಚನೆ ಆಮೇಲೆ ಬೇರೊಬ್ಬನಿಗೆ ಬಂದದ್ದು. ಅಂಟಿಸಲು ಅವನು ಅಷ್ಟು ಒದ್ದಾಡಿದ್ದನ್ನು ನೀವು ಉಗುರಿನಲ್ಲೇ ಬಿಡಿಸಿಬಿಟ್ಟಿರಲ್ಲ ಅತ್ತಿ. ಈಗ ದಾಂಡೇಲಿಯಲ್ಲೇ ಸಿಗುತ್ತದೆ. ಶೇಂಗಾ ಚೂರು ಅಂಟಿಸಿದ್ದು, ಗೋಡಂಬಿಯದು, ಚಾಕಲೇಟೇ ಇಲ್ಲದೆ ಮೇಲೆ ಕಿತ್ತಳೆ ಐಸು, ಒಳಗೆ ಕೆನೆ ಇರುವುದು ಕೂಡ. ಶೇಂಗಾದ್ದು ನಿಮಗೆ ಖಂಡಿತ ಸೇರುತ್ತಿತ್ತು.

"ಸಣ್ಣಾಂವಗ ಯಾರರ ಹೆಣ್ಣ ಕೊಟ್ಟಾರೇನವಾ" ಎಂದು ಕೊನೆಯವರೆಗೂ ಕೇಳುತ್ತಿದ್ದಿರಲ್ಲ, ಕೊಟ್ಟರು ನೋಡಿರಿ. ಮೈದುನನ ಲಗ್ನವಾಯಿತು, ಅವನಿಗೂ ಇಲ್ಲೇ ಕೆಲಸ ಸಿಕ್ಕಿತು. ಹುಡುಗಿ ಜೋಯಿಡಾದವಳು, ಶಾಲಿನಿ. ಮನೆಮಾತು ಕೊಂಕಣಿ. ನಮ್ಮ ಮಾತು ಅರ್ಧ ತಿಳಿಯುತ್ತದೆ, ಉಳಿದರ್ಧಕ್ಕೆ ತಲೆಯಾಡಿಸುತ್ತಾಳೆ. ಬಂದಾಗಿನಿಂದ ಗೋಡೆಯ ಕಡೆ ಮುಖ ಮಾಡಿ ಅಕ್ಕಿ ಆರಿಸುತ್ತ ಕೂಡುತ್ತಾಳೆ. ಆ ಮೌನ ನನಗೆ ಗೊತ್ತಿಲ್ಲದ್ದೇ? ನಿನ್ನೆ ಮಧ್ಯಾಹ್ನ ನಿಮ್ಮ ಸಂಚಿ ಕೆಳಗಿಳಿಸಿ, "ಶಾಲಿನಿ, ಚೌಕಾಬಾರಾ ಆಡೂಣೇನ?" ಎಂದೆ. ಅವಳ ಮುಖ ಅರಳಿತು. ತಲೆಯಾಡಿಸಿದವಳೇ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಓಡಿದಳು. ನಾನು ನೆಲದ ಮೇಲೆ ಮನೆ ಬರೆದು ಮುಗಿಸುವಷ್ಟರಲ್ಲಿ, ಎರಡು ಚಾಕೋಬಾರು ಹಿಡಿದು ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಿದ್ದಳು. ನನ್ನ ಕೈಯ ಕವಡೆ ನೋಡಿದಳು, ನೆಲದ ಗೆರೆ ನೋಡಿದಳು. ಥೇಟ್ ನಿಮ್ಮ ಹಾಗೆಯೇ ಮುಖ ಸಣ್ಣದಾಯಿತು.

ನಾನು ನಗಲಿಲ್ಲ ಅತ್ತಿ. ಒಂದನ್ನು ಇಸಿದುಕೊಂಡು ಕಾಗದ ಬಿಚ್ಚಿದೆ, ಉಗುರು ಹಾಕಿ ಸಿಪ್ಪೆ ಸುಲಿಯತೊಡಗಿದೆ. "ಇವು ನಿನ್ನ ಕಾಯಿ" ಎಂದೆ. "ಲಗೂನ ಕೂಡು, ಕರಗತಾವ."

ನಿಮ್ಮ
ಕಸ್ತೂರಿ