ಸಹಿ ಹಾಕಲಾರೆ

ಸ್ಯಾನ್ ಹೊಸೆ, ಅಕ್ಟೋಬರ್ ೧೯೯೯

ಚೆಲುವರಾಜಣ್ಣನವರಿಗೆ ನಮಸ್ಕಾರ.

ನೀವು ಕೊಟ್ಟ ಮನವಿಯನ್ನು ಸಹಿ ಹಾಕದೆ ಯಜಮಾನರ ಕೈಲಿ ವಾಪಸ್ ಕಳಿಸಿದ್ದೇನೆ. ಮೆಕ್ಸಿಕೋ ಜೊತೆಗಿನ ವ್ಯಾಪಾರ ಒಪ್ಪಂದದಿಂದ ಅಮೆರಿಕ ಹೊರಬಂದರೆ ಫ್ಯಾಕ್ಟರಿಯಲ್ಲಿ ನಮ್ಮಿಬ್ಬರ ಕೆಲಸ ಮರಳಿ ಸಿಗುತ್ತದೆ ಅನ್ನುತ್ತೀರಿ. ನಾವು ಬೆಸುಗೆ ಹಾಕುತ್ತಿದ್ದ ಬೋರ್ಡುಗಳು ಈಗ ಅಲ್ಲಿಂದಲೇ ಬರುತ್ತವೆ. ಅವನ್ನು ಟೆಸ್ಟ್ ಮಾಡುವ ಕೆಲಸವೊಂದೇ ಇಲ್ಲಿ ಉಳಿದಿರುವುದು, ಅದು ಯಜಮಾನರದ್ದು. "ಬಾರ್ಡರಲ್ಲಿ ಸುಂಕ ಬಿದ್ರೆ ಅದನ್ನೂ ಮುಚ್ತಾರಂತೆ ಕಣೇ" ಎಂದು ನಿನ್ನೆ ಊಟ ಬಿಟ್ಟು ಎದ್ದರು. ಹೇಗೆ ಸಹಿ ಹಾಕಲಿ?

ಆಯುಧಪೂಜೆಗೆ ನಮ್ಮ ಮಷೀನಿಗೆ ಇಡಲು ನೀವು ಯಜಮಾನರ ಕೈಲಿ ಕೊಟ್ಟಿದ್ದ ನಿಂಬೆಹಣ್ಣೂ ಜೊತೆಗಿದೆ. ಮಷೀನನ್ನು ಆಗಲೇ ಮೆಕ್ಸಿಕೋಗೆ ಸಾಗಿಸಿದ್ದರಂತೆ. ಅದಿದ್ದ ಜಾಗದಲ್ಲಿ ಹೋದ ವರ್ಷದ ನಮ್ಮ ಕುಂಕುಮದ ಕಲೆಯಷ್ಟೇ ಇತ್ತಂತೆ. ನೆಲ ಒರೆಸಲು ಮ್ಯಾನೇಜರು ಇವರಿಗೇ ಹೇಳಿದರಂತೆ. ಒರೆಸಿ ಬಂದರು.

ನಿಮ್ಮ ತಂಗಿಯಂಥ
ಹಂಸಾ